ಸೈಲೆನ್ಸರ್ ಬದಲಿಸಿದ ಮೇಲೆ ಫ್ಯೂಯಲ್ ಟ್ಯೂನರ್ ಬೇಕೇ? ಘಟ್ಟ ಹತ್ತಿ ಇಳಿಯುವ ಬೈಕುಗಳಿಗೆ ಸಮಗ್ರ ಮಾರ್ಗದರ್ಶಿ

ಸೈಲೆನ್ಸರ್ ಮಾರುವ ಅಂಗಡಿಯಲ್ಲಿ ಒಂದು ಮಾತು ಸದಾ ಸಿದ್ಧ: "ಟ್ಯೂನರ್ ಹಾಕ್ಸಿಲ್ಲ ಅಂದ್ರೆ ಇಂಜಿನ್ ಹೋಗುತ್ತೆ." ಊರಿನ ಗ್ಯಾರೇಜಿನಲ್ಲಿ ಇನ್ನೊಂದು: "ದುಡ್ಡು ದಂಡ ಬಿಡಣ್ಣ, ಇಸಿಯು ತಾನೇ ಅಡ್ಜಸ್ಟ್ ಮಾಡ್ಕೊಳ್ಳುತ್ತೆ." ಟ್ಯೂನರ್ ಎಂದರೆ ಇಂಜಿನ್ನಿಗೆ ಹೋಗುವ ಪೆಟ್ರೋಲಿನ ಪ್ರಮಾಣ ತಿದ್ದುವ ಸಣ್ಣ ಪೆಟ್ಟಿಗೆ, ಇಸಿಯು ಎಂದರೆ ಆ ಪ್ರಮಾಣ ಲೆಕ್ಕ ಹಾಕುವ ಬೈಕಿನ ಕಂಪ್ಯೂಟರ್. ಎರಡು ಮಾತೂ ಅರ್ಧ ನಿಜ. ಯಾವ ಅರ್ಧ ನಿಮ್ಮ ಬೈಕಿಗೆ ಸಲ್ಲುತ್ತದೆ ಎಂದು ತಿಳಿಯಲು ದುಡ್ಡು ಬೇಕಿಲ್ಲ. ಒಂದು ಭಾನುವಾರ, ಒಂದು ಊದುಬತ್ತಿ, ಸೋಪಿನ ನೀರು, ಮಡಿಕೇರಿಯಿಂದ ಸುಳ್ಯಕ್ಕೊಂದು ಸುತ್ತು ಸಾಕು.

ಅವಸರದಲ್ಲಿರುವವರಿಗೆ ನೇರ ಉತ್ತರ ಇಲ್ಲೇ ಇದೆ. ಬಿಎಸ್6 (2020ರ ಏಪ್ರಿಲ್ ನಂತರದ ಹೊಗೆ ನಿಯಮದ) ಬೈಕಿನ ಹಿಂದಿನ ಡಬ್ಬಿಯನ್ನು ಮಾತ್ರ ಬದಲಿಸಿದ್ದು, ಅಂದರೆ ಸ್ಲಿಪ್ ಆನ್ ಹಾಕಿದ್ದು, ಇಂಜಿನ್ನಿನಿಂದ ಹೊರಡುವ ಬೆಂಡ್ ಪೈಪು, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್), ಆಕ್ಸಿಜನ್ ಸೆನ್ಸರ್, ಏರ್ ಫಿಲ್ಟರ್ ಎಲ್ಲವೂ ಕಂಪನಿಯವೇ ಆಗಿದ್ದರೆ ಬಹುಪಾಲು ಬೈಕುಗಳಿಗೆ ಟ್ಯೂನರ್ ಬೇಡ. ಬೆಂಡ್ ಪೈಪಿನಿಂದ ಹಿಡಿದು ಪೂರ್ತಿ ಸಿಸ್ಟಮ್ ಬದಲಿಸಿ, ಕ್ಯಾಟ್ ತೆಗೆದು, ಮೇಲೆ ಗಾಳಿಯನ್ನು ಸಲೀಸಾಗಿ ಬಿಡುವ ಫ್ರೀ ಫ್ಲೋ ಫಿಲ್ಟರನ್ನೂ ಹಾಕಿದ್ದರೆ ಬೇಕು. ಕಾರ್ಬೊರೇಟರ್ ಬೈಕಿಗೆ ಟ್ಯೂನರಿನ ಮಾತೇ ಬರುವುದಿಲ್ಲ, ಅಲ್ಲಿ ಕೆಲಸ ಜೆಟ್ಟಿನದು, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪಿನದು. ಉಳಿದದ್ದೆಲ್ಲ ಈ ಮೂರರ ನಡುವಿನ ವಿಷಯ.

ಪೈಪು ಬದಲಾದರೆ ಪೆಟ್ರೋಲಿಗೇನು ಸಂಬಂಧ?

ಬೈಕಿನ ಇಸಿಯು ಒಳಗೆ ಹೋಗುವ ಗಾಳಿಯನ್ನು ನೇರವಾಗಿ ಅಳೆಯುವುದಿಲ್ಲ. ಥ್ರಾಟಲ್ ಎಷ್ಟು ತೆರೆದಿದೆ, ಇಂಜಿನ್ ಎಷ್ಟು ಸುತ್ತು ತಿರುಗುತ್ತಿದೆ, ಇನ್‌ಟೇಕಿನಲ್ಲಿ ಒತ್ತಡ ಎಷ್ಟಿದೆ, ಗಾಳಿ ಎಷ್ಟು ಬಿಸಿಯಾಗಿದೆ ಎಂದು ನೋಡಿ, ಕಂಪನಿಯವರು ಬರೆದಿಟ್ಟ ಪಟ್ಟಿಯಿಂದ "ಇಷ್ಟು ಗಾಳಿ ಹೋಗಿರಬೇಕು" ಎಂದು ಲೆಕ್ಕ ಹಾಕುತ್ತದೆ. ಆ ಪಟ್ಟಿ ತಯಾರಾದದ್ದು ಹಳೇ ಸೈಲೆನ್ಸರಿನ ಮೇಲೆ. ಹೊಸ ಪೈಪಿನಲ್ಲಿ ಹೊಗೆ ಸಲೀಸಾಗಿ ಹೊರಹೋದರೆ, ಕೆಲವು ಆರ್‌ಪಿಎಂಗಳಲ್ಲಿ ಸಿಲಿಂಡರಿಗೆ ಹೊಸ ಗಾಳಿ ಸ್ವಲ್ಪ ಹೆಚ್ಚು ತುಂಬುತ್ತದೆ. ಪಟ್ಟಿಗೆ ಇದು ಗೊತ್ತಿಲ್ಲ. ಗಾಳಿ ಹೆಚ್ಚಿ ಪೆಟ್ರೋಲ್ ಅಷ್ಟೇ ಉಳಿದರೆ ಮಿಶ್ರಣ ಲೀನ್, ಪೆಟ್ರೋಲ್ ಹೆಚ್ಚಾದರೆ ರಿಚ್.

ಇದನ್ನು ತಿದ್ದುವುದು ಆಕ್ಸಿಜನ್ ಸೆನ್ಸರ್. ಬೈಕಿನಲ್ಲಿರುವುದು ನ್ಯಾರೋಬ್ಯಾಂಡ್ ಜಾತಿಯದು. ಸುಮಾರು 0.1ರಿಂದ 0.9 ವೋಲ್ಟಿನ ನಡುವೆ ಓಲಾಡುತ್ತ, 0.45ರ ಆಚೆಗಿದ್ದರೆ ರಿಚ್, ಈಚೆಗಿದ್ದರೆ ಲೀನ್ ಎಂದು ಮಾತ್ರ ಹೇಳಬಲ್ಲದು. ಇಂಜಿನ್ ಬಿಸಿಯಾಗಿ, ಒಂದೇ ವೇಗದಲ್ಲಿ ನಿಧಾನ ಹೋಗುವಾಗ ಇಸಿಯು ಅದರ ಮಾತು ಕೇಳುತ್ತದೆ. ಇದೇ ಕ್ಲೋಸ್ಡ್ ಲೂಪ್. ಪೂರ್ತಿ ಥ್ರಾಟಲ್ ಕೊಟ್ಟಾಗ, ದಿಢೀರ್ ಎಳೆದಾಗ, ಇಂಜಿನ್ ತಣ್ಣಗಿದ್ದಾಗ ಕೇಳುವುದಿಲ್ಲ, ಪಟ್ಟಿ ಹೇಳಿದಂತೆ ಸುರಿಯುತ್ತದೆ. ಹಾಗಾಗಿ "ಇಸಿಯು ತಾನೇ ಅಡ್ಜಸ್ಟ್ ಮಾಡುತ್ತೆ" ಎಂಬುದು ಕುಶಾಲನಗರದ ದಾರಿಯಲ್ಲಿ 55ರಲ್ಲಿ ಹೋಗುವಾಗ ನಿಜ, ಘಟ್ಟದಲ್ಲಿ ಲಾರಿ ಹಿಂದಿಕ್ಕುವಾಗ ನಿಜವಲ್ಲ. ಸಮಾಧಾನದ ಸಂಗತಿಯೆಂದರೆ, ಫುಲ್ ಥ್ರಾಟಲಿಗೆ ಕಂಪನಿಯವರು ಸಾಮಾನ್ಯವಾಗಿ ಸ್ವಲ್ಪ ರಿಚ್ ಆಗಿಯೇ ಇಟ್ಟಿರುತ್ತಾರೆ. ಸ್ಲಿಪ್ ಆನ್ ತರುವ ಸಣ್ಣ ವ್ಯತ್ಯಾಸ ಆ ಅಂಚಿನೊಳಗೇ ಕರಗಿಹೋಗುತ್ತದೆ.

ಇಲ್ಲೇ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಿ. ಶುದ್ಧ ಪೆಟ್ರೋಲಿನ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಶೇ. 10 ಎಥನಾಲ್ ಬೆರೆತ ಇ10ಕ್ಕೆ ಸುಮಾರು 14.1, ಈಗ ಬಂಕಿನಲ್ಲಿ ಸಿಗುವ, ಶೇ. 20 ಎಥನಾಲ್ ಬೆರೆತ ಇ20ಕ್ಕೆ ಸುಮಾರು 13.5. ಎಥನಾಲ್ ಇಲ್ಲದ ಹಳೇ ಪೆಟ್ರೋಲಿಗೆ ಹೊಂದಿಸಿದ ಕಾರ್ಬ್ ಇ20 ಕುಡಿದರೆ ಹೆಚ್ಚೂಕಡಿಮೆ ಶೇ. 8ರಷ್ಟು ಲೀನ್ ಓಡುತ್ತದೆ. ಸೈಲೆನ್ಸರ್ ಮಾಡುವ ವ್ಯತ್ಯಾಸ ಎಷ್ಟೋ ಸಲ ಇದಕ್ಕಿಂತ ಕಡಿಮೆ. ಬೈಯಿಸಿಕೊಳ್ಳುವುದು ಮಾತ್ರ ಸೈಲೆನ್ಸರ್!

ಮಡಿಕೇರಿಯಲ್ಲಿ ಸರಿ, ಸುಳ್ಯದಲ್ಲಿ ತಪ್ಪು

ಬಯಲುಸೀಮೆಯವರು ಬರೆದ ಸಲಹೆ ಕೊಡಗಿಗೆ ಹಾಗೇ ಹೊಂದುವುದಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಸುಳ್ಯ ಸುಮಾರು 100. ಐವತ್ತು ಕಿ.ಮೀ. ದಾರಿಯಲ್ಲಿ ಒಂದು ಕಿಲೋಮೀಟರಿನಷ್ಟು ಎತ್ತರ ಇಳಿದುಬಿಡುತ್ತೇವೆ. ಮಡಿಕೇರಿಯ ಗಾಳಿ ಸಮುದ್ರಮಟ್ಟದ ಗಾಳಿಗಿಂತ ಸುಮಾರು ಶೇ. 10ರಷ್ಟು ತೆಳು.

ಕಾರ್ಬ್ ಬೈಕಿಗೆ ಇದರ ಪರಿಣಾಮ ನೇರ: ಮೇಲೆ ಹತ್ತಿದಂತೆ ಮಿಶ್ರಣ ರಿಚ್ ಆಗುತ್ತದೆ, ಮಡಿಕೇರಿಯ ಎತ್ತರಕ್ಕೆ ಸುಮಾರು ಶೇ. 5ರಿಂದ 6. ಸೈಲೆನ್ಸರ್ ಲೀನ್ ಮಾಡಿದ್ದನ್ನು ಎತ್ತರ ರಿಚ್ ಮಾಡಿ ಮುಚ್ಚಿಹಾಕುತ್ತದೆ. ಮಡಿಕೇರಿಯ ಗ್ಯಾರೇಜಿನಲ್ಲಿ ಪ್ಲಗ್ ಬಿಚ್ಚಿ ನೋಡಿದರೆ ಬಿಸ್ಕತ್ತಿನ ಬಣ್ಣ, ಎಲ್ಲ ಚೆನ್ನ. ಅದೇ ಬೈಕು ಸಂಪಾಜೆ ಇಳಿದು, ಏಪ್ರಿಲ್ ಬಿಸಿಲಿನಲ್ಲಿ ಪುತ್ತೂರು ದಾಟಿ ಮಂಗಳೂರಿನ ಕಡೆ 80ರಲ್ಲಿ ಓಡುವಾಗ ಲೀನ್ ಆಗಿ ಕಾಯತೊಡಗುತ್ತದೆ. ಇಂಜಿನ್ ಹಾಳಾಗುವುದು ಅಲ್ಲಿ. ಬೈಗುಳ ಮಾತ್ರ ಮಡಿಕೇರಿಯಲ್ಲಿ ಟ್ಯೂನ್ ಮಾಡಿದವನಿಗೆ.

ಎಫ್‌ಐ (ಕಾರ್ಬ್ ಬದಲು ಇಂಜೆಕ್ಟರ್ ಇರುವ) ಬೈಕಿನಲ್ಲಿ ಒತ್ತಡ ನೋಡುವ ಸೆನ್ಸರ್ ಇರುವುದರಿಂದ ಎತ್ತರದ ಲೆಕ್ಕವನ್ನು ಇಸಿಯು ತಾನೇ ಹಾಕಿಕೊಳ್ಳುತ್ತದೆ. ಆದರೂ ಪರೀಕ್ಷೆ ಕೆಳಗೂ ಆಗಬೇಕು. ಕೆಳಗೆ ಗಾಳಿ ದಟ್ಟ, ಇಂಜಿನ್ನಿನ ಮೇಲೆ ಒತ್ತಡ ಹೆಚ್ಚು. ನಾಕಿಂಗ್ (ಸಿಲಿಂಡರಿನಲ್ಲಿ ಮಿಶ್ರಣ ಹತೋಟಿ ತಪ್ಪಿ ಸಿಡಿಯುವ ಸದ್ದು) ಕೇಳಿಸುವುದಾದರೆ ಅಲ್ಲೇ ಮೊದಲು ಕೇಳಿಸುತ್ತದೆ.

ಹಂತ 1: ನಿಮ್ಮ ಬೈಕು ಯಾವ ಜಾತಿ, ಬದಲಾದದ್ದು ಏನು

ಚೋಕ್ ಇದ್ದು, ಕೀ ಆನ್ ಮಾಡಿದಾಗ ಪಂಪಿನ ಸದ್ದು ಬರದಿದ್ದರೆ ಕಾರ್ಬ್. ಕೀ ತಿರುಗಿಸಿದೊಡನೆ ಟ್ಯಾಂಕಿನೊಳಗಿಂದ ಎರಡು ಸೆಕೆಂಡು "ಜೂಂ" ಎಂದರೆ ಎಫ್‌ಐ. ಬೆಂಡ್ ಪೈಪಿನ ಮೇಲೆ ಬೆರಳುದ್ದದ ಒಂದು ಸೆನ್ಸರ್ ಕೂತು, ಅದರಿಂದ ವೈರು ಹೊರಟಿದ್ದರೆ ಕ್ಲೋಸ್ಡ್ ಲೂಪ್. 2020ರ ಏಪ್ರಿಲ್ ನಂತರದ ಬಿಎಸ್6 ಎಫ್‌ಐ ಬೈಕುಗಳಲ್ಲಿ ಇದು ಇದ್ದೇ ಇರುತ್ತದೆ. ಬಿಎಸ್3, ಬಿಎಸ್4 ಕಾಲದ ಬೈಕುಗಳಲ್ಲಿ ಮಾದರಿ ನೋಡಿಯೇ ಹೇಳಬೇಕು.

ಮುಂದೆ ಕ್ಯಾಟ್ ಎಲ್ಲಿದೆ ನೋಡಿ. ಪೈಪು ಒಂದೆಡೆ ದಪ್ಪಗೆ ಹೊಟ್ಟೆ ಬಿಟ್ಟುಕೊಂಡಿದ್ದರೆ ಸಾಮಾನ್ಯವಾಗಿ ಅದೇ. ಅದು ಬೆಂಡ್ ಪೈಪಿನಲ್ಲೋ ಇಂಜಿನ್ ಅಡಿಯಲ್ಲೋ ಇದ್ದರೆ, ಹಿಂದಿನ ಡಬ್ಬಿ ಬದಲಿಸಿದರೂ ಹೊಗೆಯ ಹರಿವನ್ನು ಮುಖ್ಯವಾಗಿ ತಡೆಯುವುದು ಅದೇ. ಶಬ್ದ ಎರಡು ಪಟ್ಟಾದರೂ ಹರಿವು ಅಷ್ಟೇನೂ ಬದಲಾಗಿರುವುದಿಲ್ಲ. ಕ್ಯಾಟ್ ಡಬ್ಬಿಯೊಳಗೇ ಇದ್ದ ಬೈಕಾದರೆ, ಸ್ಲಿಪ್ ಆನ್ ಹೆಸರಿನಲ್ಲಿ ಕ್ಯಾಟನ್ನೇ ತೆಗೆದಂತಾಯಿತು, ಪೂರ್ತಿ ಸಿಸ್ಟಮಿನ ಲೆಕ್ಕಕ್ಕೆ ಹತ್ತಿರ. ಕ್ಯಾಟ್ ಆದ ಮೇಲೆ ಇನ್ನೊಂದು ಸೆನ್ಸರ್ ಇರುವ ಹೊಸ ಬೈಕಿನಲ್ಲಿ ಕ್ಯಾಟ್ ತೆಗೆದರೆ ಇಂಜಿನ್ ದೀಪ ಹತ್ತುತ್ತದೆ, ಯಾವ ಟ್ಯೂನರ್ ಹಾಕಿದರೂ ಆ ತಲೆನೋವು ಬೇರೆಯದೇ.

ಹಂತ 2: ಜೋಡಣೆ ಮತ್ತು ಸೋರಿಕೆ

"ಲೀನ್ ಆಗಿದೆ, ಟ್ಯೂನರ್ ಬೇಕು" ಎಂಬ ದೂರಿನ ಬೇರನ್ನು ಮೊದಲು ಹುಡುಕಬೇಕಾದ್ದು ಗ್ಯಾಸ್ಕೆಟ್ಟಿನಲ್ಲಿ. ಬೆಂಡ್ ಪೈಪು ಬಿಚ್ಚಿದ ಪ್ರತಿ ಸಲವೂ ಹೆಡ್ಡಿನ ಬಾಯಿಯ ಪ್ಯಾಕಿಂಗ್ ರಿಂಗ್ ಹೊಸದೇ ಆಗಬೇಕು. ಅದು ಒಂದು ಸಲ ನಜ್ಜಿ ಕೂರುವ ವಸ್ತು, ಎರಡನೇ ಸಲ ಕೂರುವುದಿಲ್ಲ. ಹಳೆಯದು ಒಳಗೇ ಅಂಟಿಕೊಂಡಿರುವುದುಂಟು, ಅದರ ಮೇಲೇ ಹೊಸದನ್ನು ಕೂರಿಸಬೇಡಿ. ಟಾರ್ಚ್ ಬಿಟ್ಟು ನೋಡಿ, ಕೆರೆದು ತೆಗೆಯಿರಿ.

ಬಿಗಿಯುವ ಕ್ರಮ ಹೀಗಿರಲಿ. ಮೊದಲು ಎಲ್ಲ ನಟ್ಟು, ಕ್ಲಾಂಪು, ಹ್ಯಾಂಗರ್ ಬೋಲ್ಟನ್ನು ಕೈಯಲ್ಲೇ ಸಡಿಲಾಗಿ ಹಾಕಿ. ಪೈಪು ಎಲ್ಲೂ ಎಳೆದಾಡದೆ ತನ್ನಷ್ಟಕ್ಕೆ ಕೂತಿದೆ ಎಂದಾದ ಮೇಲೆ ಹೆಡ್ಡಿನ ಎರಡು ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ ಬಿಗಿಯಿರಿ, ಆಮೇಲೆ ಕ್ಲಾಂಪು, ಕೊನೆಗೆ ಹ್ಯಾಂಗರ್. ಹ್ಯಾಂಗರನ್ನು ಮೊದಲು ಬಿಗಿದರೆ ಪೈಪಿನ ಎಳೆತವೆಲ್ಲ ಹೆಡ್ಡಿನ ಸ್ಟಡ್ಡಿನ ಮೇಲೆ ಬೀಳುತ್ತದೆ, ಮುರಿದ ಸ್ಟಡ್ ತೆಗೆಸುವ ಖರ್ಚು ಸೈಲೆನ್ಸರಿನ ಖುಷಿಯನ್ನು ನುಂಗುತ್ತದೆ. ಟಾರ್ಕ್ ಎಷ್ಟೆಂಬುದನ್ನು ನಿಮ್ಮ ಬೈಕಿನ ಮ್ಯಾನ್ಯುಯಲ್ ನೋಡಿಯೇ ಹಿಡಿಯಿರಿ. ಒಂದು ಸಲ ಬಿಸಿಯಾಗಿ ತಣಿದ ಮೇಲೆ ಮತ್ತೆ ಪರೀಕ್ಷಿಸಿ.

ಆಕ್ಸಿಜನ್ ಸೆನ್ಸರನ್ನು ಹೊಸ ಪೈಪಿಗೆ ದಾಟಿಸುವಾಗ ಥ್ರೆಡ್ಡಿಗೆ ಮಾತ್ರ ಆಂಟಿ ಸೀಜ್ ಪೇಸ್ಟ್ ಸವರಿ, ತುದಿಗೆ ತಾಗಿಸಬೇಡಿ. ಥ್ರೆಡ್ಡಿನ ಅಳತೆ 12 ಮಿ.ಮೀ.ಯದೋ 18ರದ್ದೋ ಎಂದು ಪೈಪು ಕೊಳ್ಳುವ ಮೊದಲೇ ಹೋಲಿಸಿ. ಸೆನ್ಸರ್ ಅಡ್ಡಕ್ಕಿಂತ ಕನಿಷ್ಠ 10 ಡಿಗ್ರಿ ಮೇಲ್ಮುಖವಾಗಿ ಕೂರಬೇಕು. ಬಾಯಿ ಕೆಳಗಾಗಿ ಕೂತರೆ, ನಮ್ಮ ಮಳೆಗಾಲದ ಚಳಿಯಲ್ಲಿ ಪೈಪಿನೊಳಗೆ ಕಟ್ಟುವ ನೀರು ಅದರ ಮೇಲೇ ನಿಂತು ಸೆನ್ಸರ್ ಬಿರಿಯುತ್ತದೆ. ವೈರು ಪೈಪಿಗೆ ತಾಗದಂತೆ ಕಟ್ಟಿ.

ಈಗ ಸೋರಿಕೆಯ ಪರೀಕ್ಷೆ. ಬೆಳಿಗ್ಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿ, ಸ್ಟಾರ್ಟ್ ಮಾಡಿ. ಇನ್ನೊಬ್ಬರು ದಪ್ಪ ಒದ್ದೆ ಬಟ್ಟೆಯಿಂದ ಸೈಲೆನ್ಸರಿನ ಬಾಯನ್ನು ಎರಡು ಮೂರು ಸೆಕೆಂಡು ಅರ್ಧ ಮುಚ್ಚಲಿ. ಸೋರುವ ಕಡೆ ಗುಳ್ಳೆ ಏಳುತ್ತದೆ, ಇಲ್ಲವೇ "ಟಿಸ್ ಟಿಸ್" ಸದ್ದು ಕೇಳುತ್ತದೆ. ಬಟ್ಟೆಯಿಲ್ಲದೆ ಇನ್ನೊಂದು ದಾರಿ ಊದುಬತ್ತಿ. ಪೆಟ್ರೋಲ್ ವಾಸನೆ ಎಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಟ್ಯಾಂಕಿನಿಂದ ದೂರ, ಹೆಡ್ಡಿನ ಕೀಲಿನ ಹತ್ತಿರ ಹಿಡಿಯಿರಿ. ಹೊಗೆಯ ಎಳೆ ನೆಟ್ಟಗೆ ಏರಿದರೆ ಸರಿ. ಇಂಜಿನ್ನಿನ ತಾಳಕ್ಕೆ ಅದು ಒಳಕ್ಕೂ ಹೊರಕ್ಕೂ ತುಳುಕಿದರೆ ಅಲ್ಲಿ ಬಿರುಕಿದೆ.

ಹೊರಗೆ ಸೋರುವುದಕ್ಕಿಂತ ಒಳಗೆ ಎಳೆಯುವುದು ಹೆಚ್ಚು ಮೋಸದ್ದು. ಪ್ರತಿ ಹೊಡೆತದ ನಡುವೆ ಪೈಪಿನಲ್ಲಿ ಒತ್ತಡ ಇಳಿದು, ಬಿರುಕಿನಿಂದ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಸೆನ್ಸರಿಗೆ ಆ ಆಮ್ಲಜನಕ ಕಂಡು "ಲೀನ್" ಎಂದು ಕೂಗುತ್ತದೆ. ಇಸಿಯು ಪೆಟ್ರೋಲ್ ಹೆಚ್ಚು ಸುರಿಯುತ್ತದೆ. ನಿಜದಲ್ಲಿ ಇಂಜಿನ್ ರಿಚ್, ಸ್ಕ್ಯಾನರಿನಲ್ಲಿ ಲೀನ್, ಮೈಲೇಜ್ ಪಾತಾಳಕ್ಕೆ. ಇದರ ಮೇಲೆ ಟ್ಯೂನರನ್ನೂ ಹಾಕಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಹಂತ 3: ಇಳಿಜಾರಿನ ಪಟಾಕಿ

ಸಂಪಾಜೆ ಘಟ್ಟದಲ್ಲಿ, ವಿರಾಜಪೇಟೆಯಿಂದ ಮಾಕುಟ್ಟದ ಕಡೆ ಇಳಿಯುವಾಗ ಥ್ರಾಟಲ್ ಬಿಟ್ಟೊಡನೆ "ಪಟ್ ಪಟ್" ಎನ್ನುತ್ತದಲ್ಲ, ಅದನ್ನು ಕೇಳಿಯೇ ಹೆಚ್ಚಿನವರು ಟ್ಯೂನರ್ ಅಂಗಡಿಗೆ ಹೋಗುವುದು. ಥ್ರಾಟಲ್ ಮುಚ್ಚಿದಾಗ ಸರಿಯಾಗಿ ಉರಿಯದ ಪೆಟ್ರೋಲ್ ಆವಿ ಬಿಸಿ ಪೈಪಿನಲ್ಲಿ ಗಾಳಿ ಸಿಕ್ಕೊಡನೆ ಹೊತ್ತಿಕೊಳ್ಳುತ್ತದೆ. ಆ ಗಾಳಿ ಬರುವ ದಾರಿ ಎರಡು: ಮೇಲೆ ಹೇಳಿದ ಸೋರಿಕೆ ಒಂದು. ಇನ್ನೊಂದು, ಹೊಗೆ ಶುದ್ಧವಾಗಲೆಂದು ಕಂಪನಿಯವರೇ ಹೆಡ್ಡಿನ ಪಕ್ಕ ಇಟ್ಟಿರುವ ಸೆಕೆಂಡರಿ ಏರ್ ವಾಲ್ವ್. ಹಳೇ ಸೈಲೆನ್ಸರಿನಲ್ಲೂ ಇದೇ ಪಟಾಕಿ ಹೊಡೆಯುತ್ತಿತ್ತು, ಅದರ ಹೊಟ್ಟೆಯೊಳಗಿನ ಗೋಡೆಗಳು ಕೇಳಿಸಗೊಡುತ್ತಿರಲಿಲ್ಲ ಅಷ್ಟೇ.

ಇಳಿಜಾರಿನಲ್ಲಿ ಸಣ್ಣಗೆ ಆಗಾಗ ಪಟ್ ಎಂದರೆ ಚಿಂತೆ ಬೇಡ. ಗುಂಡು ಹೊಡೆದಂತೆ ಜೋರಾಗಿದ್ದರೆ, ಸಮತಟ್ಟಿನಲ್ಲೂ ಬಂದರೆ, ಐಡ್ಲಿಂಗಿನಲ್ಲೂ ಕೇಳಿದರೆ ಸೋರಿಕೆ, ಏರ್ ವಾಲ್ವಿನ ಪೈಪು, ಕಾರ್ಬಾದರೆ ಪೈಲಟ್ ಜೆಟ್, ಈ ಕ್ರಮದಲ್ಲಿ ನೋಡಿ. ತಿತಿಮತಿ, ಸಿದ್ದಾಪುರ ಕಡೆ ಆನೆ ದಾಟುವ ತೋಟದ ರಸ್ತೆಗಳಲ್ಲಿ ಸಂಜೆ ಹೊತ್ತು ಓಡಾಡುವವರಿಗೆ ಈ ಸದ್ದು ಇಂಜಿನ್ನಿನ ವಿಷಯ ಮಾತ್ರವಲ್ಲ. ಸೈಲೆನ್ಸರಿನ ಬಾಯಲ್ಲಿ ಸದ್ದು ತಗ್ಗಿಸಲು ಕೂರಿಸಿರುವ ಡಿಬಿ ಕಿಲ್ಲರ್ ತೆಗೆಯಬೇಡಿ. ತೆಗೆದರೆ ಕೆಳಗಿನ ಆರ್‌ಪಿಎಂನ ಎಳೆತವೂ ಬಿದ್ದುಹೋಗುತ್ತದೆ, ಏರು ತಿರುವಿನಲ್ಲಿ ಎರಡನೇ ಗೇರಿನಲ್ಲಿ ಬೇಕಾಗುವುದೇ ಅದು.

ಹಂತ 4: ಓಡಿಸಿ ನೋಡುವುದು

ಕ್ಲೋಸ್ಡ್ ಲೂಪ್ ಬೈಕಿಗೆ ಕಲಿಯಲು ಸಮಯ ಕೊಡಿ: ನೂರು, ನೂರೈವತ್ತು ಕಿ.ಮೀ., ನಿಧಾನ, ವೇಗ, ಏರು, ಇಳಿಜಾರು ಎಲ್ಲ ಸೇರಿದ ಓಟ. ಮಡಿಕೇರಿಯಿಂದ ಭಾಗಮಂಡಲ, ನಾಪೋಕ್ಲು, ವಿರಾಜಪೇಟೆ ಸುತ್ತಿ ಬಂದರೆ ಹೆಚ್ಚುಪಾಲು ಆಯಿತು. ಆಮೇಲೆ ಸುಳ್ಯಕ್ಕೆ ಇಳಿಯಿರಿ. ಗಮನಿಸಬೇಕಾದ್ದು ಇವು:

- ಕೊನೇ ಗೇರಿನಲ್ಲಿ 50, 60ರಲ್ಲಿ ಥ್ರಾಟಲ್ ಅಲುಗಿಸದೆ ಹೋಗುವಾಗ ಬೈಕು ತಾನಾಗಿ ಮುಂದಕ್ಕೆ ಹಿಂದಕ್ಕೆ ಜಗ್ಗುತ್ತದೆಯೇ. ಜಗ್ಗಿದರೆ ಲೀನ್ ಇರಬಹುದು.
- ಮೂರನೇ ಗೇರು, 3,000 ಆರ್‌ಪಿಎಂ, ಥಟ್ಟನೆ ಎಳೆದಾಗ ಒಂದು ಕ್ಷಣ ಸತ್ತಂತಾಗಿ ಆಮೇಲೆ ಎದ್ದರೆ ಲೀನ್. ಭಾರವಾಗಿ ಗೊರಗೊರ ಎಂದು ಎದ್ದರೆ ರಿಚ್.
- ಏರಿನಲ್ಲಿ ಹೆಚ್ಚಿನ ಗೇರಿನಲ್ಲಿ ಎಳೆದಾಗ ಡಬ್ಬಿಯಲ್ಲಿ ಕಲ್ಲು ಅಲುಗಿಸಿದಂಥ ಕಟಕಟ ಸದ್ದು ಬಂದರೆ ನಾಕಿಂಗ್. ಕೂಡಲೇ ಥ್ರಾಟಲ್ ಇಳಿಸಿ ಗೇರ್ ಇಳಿಸಿ. ಇದನ್ನು ಕಡೆಗಣಿಸಬಾರದು.
- ಮೈಲೇಜ್. ತುಂಬಿಸಿದ ಟ್ಯಾಂಕಿನಿಂದ ತುಂಬಿಸಿದ ಟ್ಯಾಂಕಿಗೆ, ಒಂದೇ ಬಂಕಿನಲ್ಲಿ ಅಳೆಯಿರಿ.

ಬೆಂಡ್ ಪೈಪು ನೀಲಿ ಆಯಿತೆಂದು ಗಾಬರಿಯಾಗಬೇಡಿ. ಒಂದೇ ಪದರದ ಕ್ರೋಮ್, ಸ್ಟೀಲ್ ಪೈಪು ನೀಲಿಯಾಗುವುದು ಸಹಜ.

ಪ್ಲಗ್ ನೋಡುವುದು ಕಾರ್ಬ್ ಬೈಕಿಗೆ ಈಗಲೂ ಉಪಯೋಗ. ಹೊಸ ಪ್ಲಗ್ ಹಾಕಿ, ಇಂಜಿನ್ ಬಿಸಿ ಮಾಡಿ, ಕುಶಾಲನಗರದಿಂದ ಆನೆಕಾಡಿನ ಕಡೆಯಂಥ, ಕಣ್ಣಿಗೆ ದೂರ ಕಾಣುವ ರಸ್ತೆಯಲ್ಲಿ ವಾಹನ ಇಲ್ಲದ ಹೊತ್ತು ನೋಡಿ ಮೂರನೇ ಗೇರಿನಲ್ಲಿ ಎಂಟು ಹತ್ತು ಸೆಕೆಂಡು ಪೂರ್ತಿ ಎಳೆಯಿರಿ. ಒಮ್ಮೆಲೇ ಕ್ಲಚ್ ಹಿಡಿದು ಕಿಲ್ ಸ್ವಿಚ್ ಒತ್ತಿ, ಉರುಳುತ್ತ ಪಕ್ಕಕ್ಕೆ ನಿಲ್ಲಿಸಿ. ಕೀ ತಿರುಗಿಸಬೇಡಿ, ಓಡುವ ಬೈಕಿನ ಹ್ಯಾಂಡಲ್ ಲಾಕ್ ಆದೀತು. ಬಿಳಿ ಪಿಂಗಾಣಿಯ ಬುಡ ನೋಡಿ: ಬಿಸ್ಕತ್ ಬಣ್ಣವಾದರೆ ಸರಿ, ಸುಣ್ಣದಂತೆ ಬೆಳ್ಳಗೆ, ಅಲ್ಲಲ್ಲಿ ಸಣ್ಣ ಹರಳು ಕಂಡರೆ ಲೀನ್, ಮಸಿ ಕೈಗೆ ಹತ್ತಿದರೆ ರಿಚ್. ಇ20ರಲ್ಲಿ ಪ್ಲಗ್ ಮೊದಲಿಗಿಂತ ಬೆಳ್ಳಗೇ ಕಾಣುತ್ತದೆ, ಆದ್ದರಿಂದ ಬಣ್ಣವೊಂದನ್ನೇ ನಂಬಬಾರದು. ಘಟ್ಟದ ತಿರುವಿನಲ್ಲಿ ಈ ಪ್ರಯೋಗ ಬೇಡವೇ ಬೇಡ.

ಜಡಿ ಮಳೆ ಹಿಡಿದಾಗ ಬೈಕು ವಾರಗಟ್ಟಲೆ ನಿಂತಿದ್ದರೆ ಇನ್ನೊಂದು ಅನುಮಾನ ಇರಲಿ. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ನೀರು ಸೇರಿ ಬೇರೆ ಪದರವಾಗಿ ತಳಕ್ಕೆ ಇಳಿದರೆ, ಆಗ ಬರುವ ಮಿಸ್ಸಿಂಗಿಗೂ ಸೈಲೆನ್ಸರಿಗೂ ಸಂಬಂಧವಿಲ್ಲ. ಆಗಸ್ಟಿನಲ್ಲಿ ಸೈಲೆನ್ಸರ್ ಬದಲಿಸಿದವರಿಗೆ ಈ ಗೊಂದಲ ಸಾಮಾನ್ಯ.

ಹಂತ 5: ಅಳತೆ

ಅಂದಾಜು ಸಾಲದೆಂದರೆ ಎರಡು ದಾರಿ. ಬಿಎಸ್6 ಬೈಕಿನ ಸೀಟಿನಡಿ ಆರು ಪಿನ್ನಿನ ಸಾಕೆಟ್ ಇದ್ದರೆ, ಹದಿನಾರು ಪಿನ್ನಿಗೆ ಬದಲಿಸುವ ವೈರು, ಒಂದು ಬ್ಲೂಟೂತ್ ಸ್ಕ್ಯಾನರ್ ಸಾಕು. ಕೆಲವು ಬೈಕುಗಳು ಫ್ಯೂಯಲ್ ಟ್ರಿಮ್ ತೋರಿಸುತ್ತವೆ: ಪಟ್ಟಿಗಿಂತ ಶೇಕಡಾ ಎಷ್ಟು ಹೆಚ್ಚೋ ಕಡಿಮೆಯೋ ಪೆಟ್ರೋಲ್ ಸುರಿಯುತ್ತಿದೆ ಎಂಬ ಲೆಕ್ಕ. ಕೂಡಿಸು ಕಳೆ 10ರೊಳಗಿದ್ದರೆ ಇಸಿಯು ಸಂಭಾಳಿಸುತ್ತಿದೆ, ಟ್ಯೂನರ್ ಬೇಡ. ಕೂಡಿಸು 15, 20ಕ್ಕೆ ಹೋಗಿ ನಿಂತಿದ್ದರೆ ಮೊದಲು ಹಂತ 2ಕ್ಕೆ ವಾಪಸ್, ಅಲ್ಲಿ ಏನೂ ಸಿಗದಿದ್ದರೆ ಟ್ಯೂನಿಂಗ್. ದೀಪ ಹತ್ತಿ ಪಿ0171 ಬಂದರೆ ಲೀನ್, ಪಿ0172 ರಿಚ್, ಪಿ0130 ಸೆನ್ಸರಿನ ವೈರಿಂಗ್, ಪಿ0031 ಸೆನ್ಸರಿನ ಹೀಟರ್. ಪೈಪು ಬದಲಿಸಿದ ಮರುದಿನವೇ ಕೊನೆಯ ಎರಡರಲ್ಲಿ ಒಂದು ಬಂತೆಂದರೆ ಕನೆಕ್ಟರ್ ಸರಿಯಾಗಿ ಕೂತಿಲ್ಲ, ಇಲ್ಲವೇ ವೈರು ಪೈಪಿಗೆ ತಾಗಿ ಸುಟ್ಟಿದೆ.

ಎರಡನೆಯದು, ಎಷ್ಟು ಲೀನ್, ಎಷ್ಟು ರಿಚ್ ಎಂದು ಅಂಕಿಯಲ್ಲೇ ಹೇಳುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಡೈನೋ (ಬೈಕನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಮೇಲೆ ಓಡಿಸುವುದು. ಅದಕ್ಕೆ ಘಟ್ಟ ಇಳಿದೋ ಮೈಸೂರು, ಬೆಂಗಳೂರಿನ ಕಡೆಗೋ ಹೋಗಬೇಕಾದೀತು. ಪೂರ್ತಿ ಸಿಸ್ಟಮ್ ಹಾಕಿದವರಿಗೆ ಈ ಖರ್ಚು ನ್ಯಾಯ. ಅಲ್ಲಿ ಎಎಫ್‌ಆರ್ (ಗಾಳಿ, ಪೆಟ್ರೋಲಿನ ಅನುಪಾತ) ಅಂಕಿ ಕೇಳಬೇಡಿ, ಲ್ಯಾಂಬ್ಡಾ ಕೇಳಿ. ಮೀಟರಿನ 14.7 ಶುದ್ಧ ಪೆಟ್ರೋಲಿನ ಲೆಕ್ಕದ್ದು. ಟ್ಯಾಂಕಿನಲ್ಲಿರುವುದು ಇ20. ಲ್ಯಾಂಬ್ಡಾ 1 ಎಂದರೆ ಯಾವ ಪೆಟ್ರೋಲಾದರೂ ಸಮತೂಕ. ಫುಲ್ ಥ್ರಾಟಲಿನಲ್ಲಿ 0.87ರಿಂದ 0.90, ನಿಧಾನ ಓಟದಲ್ಲಿ 0.95ರಿಂದ 1 ಇದ್ದರೆ ಗಾಳಿಯಲ್ಲಿ ತಣಿಯುವ ಸಿಂಗಲ್ ಸಿಲಿಂಡರಿಗೆ ಒಳ್ಳೆಯದು. ಫುಲ್ ಥ್ರಾಟಲಿನಲ್ಲಿ 0.95 ದಾಟಿದರೆ ಮಾತ್ರ ಟ್ಯೂನರಿಗೆ ದುಡ್ಡು ಹಾಕಿ.

ಸೈಲೆನ್ಸರ್ ಬದಲಿಸದೆಯೇ ಟ್ಯೂನರ್ ಹಾಕಿಸಲು ಒಂದು ಪ್ರಾಮಾಣಿಕ ಕಾರಣ ಇದೆ. ಕೆಲವು ಬಿಎಸ್6 ಬೈಕುಗಳು ಹೊಗೆಯ ನಿಯಮಕ್ಕಾಗಿ ಸಣ್ಣ ಥ್ರಾಟಲಿನಲ್ಲಿ ಲೀನ್ ಆಗಿ, ಕುಲುಕುತ್ತ ಓಡುತ್ತವೆ. ಮಂಜಿನಲ್ಲಿ ಒದ್ದೆ ತಿರುವಿನಲ್ಲಿ ಇಪ್ಪತ್ತರ ವೇಗದಲ್ಲಿ ಹೋಗುವಾಗ ಅದು ನಿಜಕ್ಕೂ ಕಿರಿಕಿರಿ. ಆ ಕುಲುಕನ್ನು ಟ್ಯೂನರ್ ನಯ ಮಾಡುತ್ತದೆ.

ಹಂತ 6: ಯಾವ ಟ್ಯೂನರ್

ಅಗ್ಗದವು ಸೆನ್ಸರಿಗೆ ಸುಳ್ಳು ಹೇಳುವ ಪೆಟ್ಟಿಗೆಗಳು. ಒಂದು ಬಗೆ ಆಕ್ಸಿಜನ್ ಸೆನ್ಸರನ್ನೇ ತೆಗೆದು ಅಲ್ಲೊಂದು ರೆಸಿಸ್ಟರ್ ಇಡುತ್ತದೆ. ಇದರಿಂದ ಬೈಕು ತನ್ನನ್ನು ತಿದ್ದಿಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಬೇಡ. ಇನ್ನೊಂದು ಬಗೆ ಗಾಳಿಯ ಉಷ್ಣತೆಯ ಸೆನ್ಸರಿನ ಜೊತೆ ಕೂತು, ಗಾಳಿ ಇರುವುದಕ್ಕಿಂತ ತಣ್ಣಗಿದೆ ಎಂದು ಇಸಿಯುವನ್ನು ನಂಬಿಸುತ್ತದೆ. ಡೆನ್ಮಾರ್ಕಿನ ಬೂಸ್ಟರ್‌ಪ್ಲಗ್ ಈ ಜಾತಿಯದು, ಸುಮಾರು ಶೇ. 6 ಪೆಟ್ರೋಲ್ ಹೆಚ್ಚಿಸುತ್ತದೆ. ಸರಳ, ತೆಗೆಯಲೂ ಸುಲಭ. ಆದರೆ ಎಲ್ಲ ಆರ್‌ಪಿಎಂಗೂ ಒಂದೇ ಔಷಧಿ.

ಮೇಲಿನ ದರ್ಜೆಯವು ಪಿಗ್ಗಿಬ್ಯಾಕ್. ಇಸಿಯು ಮತ್ತು ಇಂಜೆಕ್ಟರಿನ ನಡುವೆ ಕೂತು, ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಹಿಗ್ಗಿಸುತ್ತವೆ ಇಲ್ಲವೇ ಕುಗ್ಗಿಸುತ್ತವೆ. ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನ ಪವರ್‌ಟ್ರಾನಿಕ್, ಫ್ಯೂಯೆಲ್‌ಎಕ್ಸ್, ಅಮೆರಿಕದ ಡೈನೋಜೆಟ್‌ನ ಪವರ್ ಕಮಾಂಡರ್ ಹೆಸರು ಕೇಳಿರುತ್ತೀರಿ. ಇವುಗಳಲ್ಲಿ ಪವರ್‌ಟ್ರಾನಿಕ್ ಇಗ್ನಿಷನ್ ಟೈಮಿಂಗನ್ನೂ ಮುಟ್ಟುತ್ತದೆ. ಹಾಗಾಗಿ ತಪ್ಪು ಮ್ಯಾಪ್, ಅಂದರೆ ತಪ್ಪು ಪಟ್ಟಿ, ಹಾಕಿ ಘಟ್ಟ ಹತ್ತಿದರೆ ನಾಕಿಂಗ್ ಬರಬಹುದು, ನಿಮ್ಮ ಬೈಕಿನ ಮಾದರಿಗೇ ಇರುವ ಮ್ಯಾಪನ್ನೇ ಹಾಕಬೇಕು. ಬರಿಯ ಸೈಲೆನ್ಸರ್ ಬದಲಿಸಿದವರಿಗೆ ಟೈಮಿಂಗ್ ಮುಟ್ಟದ, ಪೆಟ್ರೋಲನ್ನಷ್ಟೇ ನೋಡಿಕೊಳ್ಳುವ ಪೆಟ್ಟಿಗೆ ಸಾಕೆಂಬುದು ನಮ್ಮ ಅಭಿಪ್ರಾಯ. ಇಸಿಯುವಿನ ಪಟ್ಟಿಯನ್ನೇ ತಿದ್ದಿ ಬರೆಯುವ ರೀಮ್ಯಾಪ್ ಎಲ್ಲಕ್ಕಿಂತ ಅಚ್ಚುಕಟ್ಟು, ಬರೆಯುವವನ ಕೈ ಚೆನ್ನಾಗಿದ್ದರೆ. ಬರೆಯುವ ಮೊದಲು ಹಳೇ ಫೈಲಿನ ಪ್ರತಿ ಕೇಳಿ ಇಟ್ಟುಕೊಳ್ಳಿ.

ಹಂತ 7: ಮಳೆ ನೋಡಿಕೊಂಡು ಜೋಡಿಸುವುದು

ಬ್ಯಾಟರಿಯ ನೆಗೆಟಿವ್ ಮೊದಲು ಕಳಚಿ. ಕಂಪನಿಯ ವೈರು ಕತ್ತರಿಸುವ ಯಾವ ಕಿಟ್ಟೂ ಬೇಡ. ಕಂಪನಿಯ ಕನೆಕ್ಟರುಗಳ ನಡುವೆ ತೂರಿಸುವಂಥದ್ದೇ ಇರಲಿ, ನಾಳೆ ತೆಗೆದರೆ ಗುರುತೂ ಉಳಿಯಬಾರದು. ಪೆಟ್ಟಿಗೆಯನ್ನು ಸೀಟಿನಡಿ ಎತ್ತರದ ಜಾಗದಲ್ಲಿ, ವೈರಿನ ಬಾಯಿ ಕೆಳಮುಖವಾಗಿ ಇಡಿ. ಪ್ರತಿ ವೈರೂ ಕನೆಕ್ಟರ್ ತಲುಪುವ ಮೊದಲು ಒಂದು ಜೋಲು ಬಿದ್ದಿರಲಿ, ಹರಿದು ಬಂದ ನೀರು ಆ ಜೋಲಿನ ತುದಿಯಿಂದ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ. ಕನೆಕ್ಟರಿನ ರಬ್ಬರ್ ಸೀಲಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ವೈರು ಎಳೆಯುತ್ತಿಲ್ಲವೆಂದು ನೋಡಿ. ತೋಟದ ಮನೆಗಳಲ್ಲಿ ಬೈಕು ನಿಲ್ಲಿಸುವವರು ಇಲಿಯನ್ನೂ ನೆನಪಿನಲ್ಲಿಡಿ. ಹೊಸ ವೈರಿನ ಮೇಲೆ ಅದಕ್ಕೆ ವಿಶೇಷ ಪ್ರೀತಿ.

ಮೊದಲ ಮ್ಯಾಪ್ ಸೌಮ್ಯವಾದದ್ದಿರಲಿ. ಒಂದು ಟ್ಯಾಂಕ್ ಪೆಟ್ರೋಲ್ ಓಡಿಸಿ, ಹಂತ 4ನ್ನು ಇನ್ನೊಮ್ಮೆ ಮಾಡಿ. ಪಿಕಪ್ ಚೆನ್ನಾಗಿದೆ ಅನ್ನಿಸಿ ಪ್ಲಗ್ ಮಸಿಯಾಗಿದ್ದರೆ ಮ್ಯಾಪ್ ಇಳಿಸಿ. ರಿಚ್ ಬೈಕಿಗೆ ಹೊಗೆ ತಪಾಸಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಏರಿ ಸರ್ಟಿಫಿಕೇಟ್ ಸಿಗದೆ ಹೋಗಬಹುದು.

ಕಾರ್ಬ್ ಬೈಕಿನವರಿಗೆ

ಹಳೇ ಬುಲೆಟ್, ಪಲ್ಸರ್, ಆರ್‌ಎಕ್ಸ್ 100 ಇನ್ನೂ ತೋಟದ ದಾರಿಯಲ್ಲಿ ಓಡುತ್ತಿವೆ. ಥ್ರಾಟಲಿನ ಮೊದಲ ಕಾಲು ಭಾಗ ಪೈಲಟ್ ಜೆಟ್ಟಿನದು, ಕಾಲಿನಿಂದ ಮುಕ್ಕಾಲು ಸೂಜಿಯದು, ಮುಕ್ಕಾಲಿನ ಮೇಲೆ ಮೇನ್ ಜೆಟ್ಟಿನದು. ತೊಂದರೆ ಯಾವ ಭಾಗದಲ್ಲಿ ಬರುತ್ತದೆ ಎಂದು ಗುರುತಿಸಲು ಗ್ರಿಪ್ಪಿಗೊಂದು, ಅದರ ಪಕ್ಕದ ಸ್ವಿಚ್ ಡಬ್ಬಿಗೊಂದು ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲಿಗೆ ಗೆರೆ ಹಾಕಿಕೊಳ್ಳಿ. ಈ ಗೆರೆಯಿಲ್ಲದೆ ಜೆಟ್ ಬದಲಿಸುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ.

ಸೈಲೆನ್ಸರ್ ಒಂದೇ ಬದಲಾಗಿದ್ದರೆ ಮೇನ್ ಜೆಟ್ ಒಂದು, ಹೆಚ್ಚೆಂದರೆ ಎರಡು ಹೆಜ್ಜೆ ದೊಡ್ಡದು. ಮಿಕುನಿ ಜೆಟ್ಟುಗಳು ಸಾಮಾನ್ಯವಾಗಿ 2.5ರ ಹೆಜ್ಜೆಯಲ್ಲಿ ಸಿಗುತ್ತವೆ. ಒಂದು ಸಲಕ್ಕೆ ಒಂದೇ ಹೆಜ್ಜೆ, ಒಂದೇ ಬದಲಾವಣೆ. ಮಧ್ಯದಲ್ಲಿ ಮಾತ್ರ ಸೊರಗಿದರೆ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ, ಸೂಜಿ ಮೇಲೇಳುತ್ತದೆ. ಗೀರಿಲ್ಲದ ಸೂಜಿಯಾದರೆ ಅದರಡಿ ಅರ್ಧ ಮಿ.ಮೀ. ವಾಷರ್.

ಐಡ್ಲಿಂಗ್ ಸ್ಕ್ರೂ ಮುಟ್ಟುವ ಮೊದಲು ಅದು ಯಾವ ಬಗೆಯದೆಂದು ನೋಡಿ. ಇಂಜಿನ್ ಕಡೆಗಿದ್ದರೆ ಪೆಟ್ರೋಲ್ ಸ್ಕ್ರೂ, ಬಿಚ್ಚಿದರೆ ರಿಚ್. ಏರ್ ಫಿಲ್ಟರ್ ಕಡೆಗಿದ್ದರೆ ಗಾಳಿ ಸ್ಕ್ರೂ, ಬಿಚ್ಚಿದರೆ ಲೀನ್. ಆರ್‌ಎಕ್ಸ್ 100ರದ್ದು ಗಾಳಿ ಸ್ಕ್ರೂ. ಈ ಒಂದು ಗೊಂದಲದಿಂದ ಲೀನ್ ಬೈಕನ್ನು ಇನ್ನಷ್ಟು ಲೀನ್ ಮಾಡಿಟ್ಟವರಿದ್ದಾರೆ. ಎರಡು ಸ್ಟ್ರೋಕಿಗೆ ಬೇರೆ ಚೇಂಬರ್ (ಹೊಟ್ಟೆ ಉಬ್ಬಿದ ಸೈಲೆನ್ಸರ್ ಪೈಪು) ಹಾಕಿದರೆ ಜೆಟ್ ನೋಡದೆ ಒಂದು ಕಿ.ಮೀ. ಕೂಡ ಎಳೆಯಬೇಡಿ, ಅಲ್ಲಿ ಪೈಪೇ ಅರ್ಧ ಇಂಜಿನ್. ಲೀನ್ ಆದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಉದ್ದ ಇಳಿಜಾರಿನಲ್ಲಿ ಥ್ರಾಟಲ್ ಪೂರ್ತಿ ಮುಚ್ಚಿಕೊಂಡೇ ಇಳಿದರೆ ಎಣ್ಣೆಯೂ ಕಡಿಮೆ ಹೋಗುತ್ತದೆ, ಆಗಾಗ ಕ್ಲಚ್ ಹಿಡಿದು ಒಂದು ಸಣ್ಣ ರೇಸ್ ಕೊಡಿ.

ಜೆಟ್ ಯಾವ ಎತ್ತರಕ್ಕೆ? ಕೊಡಗಿನೊಳಗೇ ಓಡುವ ಬೈಕಾದರೆ ಮಡಿಕೇರಿಗೆ ಹೊಂದಿಸಿ. ತಿಂಗಳಿಗೊಮ್ಮೆಯಾದರೂ ಮಂಗಳೂರು, ಕಣ್ಣೂರಿನ ಕಡೆ ಇಳಿಯುವವರು ಕೆಳಗಿನ ಲೆಕ್ಕಕ್ಕೇ ಹೊಂದಿಸಿ. ಮೇಲೆ ಸ್ವಲ್ಪ ರಿಚ್ ಆಗಿ ಮೈಲೇಜ್ ಒಂದೆರಡು ಕಿ.ಮೀ. ಬೀಳುತ್ತದೆ, ಅಷ್ಟೇ. ಮೇಲಿಗೆ ಹೊಂದಿಸಿ ಕೆಳಗೆ ಓಡಿಸಿದರೆ ಬೀಳುವುದು ಪಿಸ್ಟನ್.

ಕಾನೂನು, ಮತ್ತು ಹಳೇ ಸೈಲೆನ್ಸರ್

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ರೂಪವನ್ನು ಮನಬಂದಂತೆ ಬದಲಿಸಬಾರದು ಎನ್ನುತ್ತದೆ. 2019ರ ತಿದ್ದುಪಡಿಯ 182ಎ(4)ರಲ್ಲಿ ಇಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಶಬ್ದ ಮತ್ತು ಹೊಗೆಗೆ 190(2)ರಲ್ಲಿ ಮೊದಲ ಸಲಕ್ಕೆ 10,000ದವರೆಗೆ. ಟ್ಯೂನರ್ ಹಾಕಿದ್ದೇವೆ, ಮಿಶ್ರಣ ಸರಿಯಿದೆ ಎಂದರೆ ಪೊಲೀಸರು ಬಿಡುವುದಿಲ್ಲ, ವಾರಂಟಿ ಕೊಡುವವರೂ ಒಪ್ಪುವುದಿಲ್ಲ.

ಆದ್ದರಿಂದ ಹಳೆಯದನ್ನು ಗುಜರಿಗೆ ಹಾಕಬೇಡಿ. ಅಟ್ಟಕ್ಕೆ ಏರಿಸುವ ಮೊದಲು ಒಳಗಿನ ನೀರು ಬಸಿದು, ಒಂದು ದಿನ ಬಿಸಿಲಿಗಿಟ್ಟು, ಹೊರಮೈಗೆ ಎಣ್ಣೆ ಬಟ್ಟೆ ಒರೆಸಿ, ಎರಡೂ ಬಾಯಿಗೆ ಬಟ್ಟೆ ತುರುಕಿ ಪ್ಲಾಸ್ಟಿಕ್ ಕಟ್ಟಿ. ತೆರೆದಿಟ್ಟರೆ ಕುಂಬಾರ ಹುಳು ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ. ವರ್ಷದ ಮೇಲೆ ಅದನ್ನೇ ವಾಪಸ್ ಜೋಡಿಸಿದಾಗ ಬೈಕು ಉಸಿರು ಕಟ್ಟಿ ಎಳೆಯದೆ ನಿಂತರೆ, ಮತ್ತೆ ಇಸಿಯುವನ್ನು ಅನುಮಾನಿಸುವ ಮೊದಲು ಪೈಪಿನೊಳಗೆ ಟಾರ್ಚ್ ಬಿಡಿ.